ಗುಡಿಸಿದ ಕಾಡು

ಆ ಬೀದಿಯಲ್ಲಿ ಆಕೆಗೆ ಪೊರಕೆಯಮ್ಮ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಬೇರೆ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಮನೆಯೊಳಗೆ ಗುಡಿಸಿ, ಹೊಸ್ತಿಲು ಒರೆಸಿ, ಬೀದಿಯಲ್ಲಿ ತನ್ನ ಪಾಲಿನಷ್ಟನ್ನು ಗುಡಿಸಿ, ಅಷ್ಟಕ್ಕೆ ಕೈ ನಿಲ್ಲದೆ ಪಕ್ಕದ ಮನೆಯವರ ಪಾಲನ್ನೂ ಗುಡಿಸಿ ಬರುವ ಹೆಂಗಸಿಗೆ ಜನ ಇನ್ನೇನು ಹೆಸರಿಡುತ್ತಾರೆ? ಆಕೆಯ ಯಜಮಾನರು ಸಿಟಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಹೆಂಡತಿ ಪೊರಕೆ ಹಿಡಿದು ಬಂದಳೆಂದರೆ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡು, "ಸ್ವಲ್ಪ ನೋಡ್ಕೊಂಡು ಗುಡಿಸೇ, ನಾನಿನ್ನೂ ಬದುಕಿದೀನಿ" ಎನ್ನುತ್ತಿದ್ದರು.

ಮನೆ ಯಜಮಾನರದ್ದು. ಅಮ್ಮನ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು, ಊರಾಚೆ ಇಟ್ಟಿಗೆ ಭಟ್ಟಿ ದಾಟಿದ ಮೇಲೆ ಸಿಗುವ ಇಳಿಜಾರಿನ ಕಾಡು. ಮೂರೆಕರೆಗೆ ಚೂರು ಕಡಿಮೆ. ಅವಳ ಅಪ್ಪ ಬಿಟ್ಟುಹೋದದ್ದು. ಆ ಮನುಷ್ಯ ಅಲ್ಲಿ ಒಂದು ಗಿಡ ನೆಟ್ಟವನೂ ಅಲ್ಲ, ಒಂದು ಕೊಂಬೆ ಕಡಿದವನೂ ಅಲ್ಲ, ತನ್ನಷ್ಟಕ್ಕೆ ಇರಲಿ ಎಂದು ಬಿಟ್ಟಿದ್ದ. ಅಮ್ಮ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಒಂದು ಬೇರಿನ ಮೇಲೆ ಟವೆಲು ಹಾಸಿ ಕೂತು ಬರುತ್ತಿದ್ದಳು. ಅಲ್ಲಿ ಯಾರೂ ಅವಳನ್ನು ಅಮ್ಮಾ, ಅತ್ತೆ, ಏನೇ ಎಂದು ಕೂಗುತ್ತಿರಲಿಲ್ಲ. ಯಜಮಾನರು ಅದನ್ನು "ನಿನ್ನ ತವರುಮನೆ" ಎಂದು ಛೇಡಿಸುತ್ತಿದ್ದರು. ಅವಳಿಗೆ ಅದು ಛೇಡಿಸಿದಂತೆ ಅನ್ನಿಸುತ್ತಿರಲಿಲ್ಲ.

ಆ ಕಾಡಿನಿಂದ ಕವಡೆ ಕಾಸಿನ ಆದಾಯ ಇರಲಿಲ್ಲ. ವರ್ಷವರ್ಷ ಕಂದಾಯ ಕಟ್ಟುವುದೇ ಬಂತು. ಒಂದು ಸಲ ದಂಡವನ್ನೂ ಕಟ್ಟಿದ್ದಳು. ಪಕ್ಕದ ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷ ಅದು. ಖಾಸಗಿ ಕಾಡು ಇರುವವರೆಲ್ಲ ಪೊದೆ, ಒಣಮರ, ತರಗೆಲೆ ತೆಗೆಸಿ ಶುಚಿಯಾಗಿಡಬೇಕು ಎಂದು ಸರ್ಕಾರ ಆಜ್ಞೆ ಹೊರಡಿಸಿತ್ತು. ಮಗ ಆಗ ಇನ್ನೂ ಸ್ಕೂಲಿಗೆ ಹೋಗುವವನು. ಮನೆಗೆಲಸದ ನಡುವೆ ಅವಳಿಂದ ಅದಾಗಲಿಲ್ಲ. ಅಧಿಕಾರಿ ಅವಳನ್ನು ಆಫೀಸಿಗೆ ಕರೆಸಿ, ಇಡೀ ಕೋಣೆಗೆ ಕೇಳುವ ಹಾಗೆ, "ಏನಮ್ಮ, ಕಾಡು ಇಟ್ಕೊಂಡಿದೀಯೋ ಕಸದ ತೊಟ್ಟಿ ಇಟ್ಕೊಂಡಿದೀಯೋ?" ಎಂದು ಕೇಳಿದ್ದ. ಬೇರೆ ಯಾರನ್ನಾದರೂ ಕೇಳಿದ್ದರೆ ಅವರು ಮರೆತುಬಿಡುತ್ತಿದ್ದರೋ ಏನೋ. ಕೇಳಿದ್ದು ಪೊರಕೆಯಮ್ಮನನ್ನು. ದಂಡದ ದುಡ್ಡು ಮರೆತರೂ ಆ ಮಾತನ್ನು ಅವಳು ಮರೆಯಲಿಲ್ಲ.

ಈಗ ಮಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಒಳ್ಳೆಯ ಕೆಲಸಗಾರ, ಸಿಟ್ಟಿನವ. ಒಂದು ರಾತ್ರಿ ಊಟಕ್ಕೆ ಕೂತವನು ತಟ್ಟೆಗೆ ಕೈ ಹಾಕುವ ಮೊದಲೇ ಶುರು ಮಾಡಿದ.

"ಓನರ್ ಗ್ಯಾರೇಜ್ ಮಾರ್ತಾನಂತೆ. ನಾನು ತಗೊಂಡ್ರೆ ನನಗೆ. ಇಲ್ಲ ಅಂದ್ರೆ ಟೈಲ್ಸ್ ಅಂಗಡಿಯವನು ಕಾಯ್ತಾ ಕೂತಿದಾನೆ."

"ತಗೊಳ್ಳಪ್ಪ, ಯಾರು ಬೇಡ ಅಂದ್ರು?" ಎಂದರು ಯಜಮಾನರು.

"ದುಡ್ಡು?"

"ಅದೂ ಒಂದು ಮಾತೇ."

"ದುಡ್ಡು ಕಾಡಲ್ಲಿ ನಿಂತಿದೆಯಲ್ಲ," ಎಂದ ಮಗ. ಅಮ್ಮನ ಮುಖ ನೋಡಲಿಲ್ಲ. "ಮರದ ವ್ಯಾಪಾರಿ ಹತ್ರ ಮಾತಾಡಿದೀನಿ. ಒಂದೇ ಕಂತಲ್ಲಿ ಕೊಡ್ತಾನೆ."

ಅಮ್ಮ ಪಲ್ಯದ ಪಾತ್ರೆಯನ್ನು ನೆಲಕ್ಕಿಟ್ಟಳು. "ಯಾರನ್ನ ಕೇಳಿ ಮಾತಾಡಿದೆ?"

"ಕೇಳಿದ್ರೆ ನೀನು ಹೂಂ ಅಂತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ. ಅಲ್ಲಮ್ಮ, ಆ ಮರ ನಿನಗೇನು ಕೊಟ್ಟಿದೆ? ಮುಪ್ಪಾದ ಮೇಲೂ ನಾನು ಇನ್ನೊಬ್ಬರ ಗಾಡಿ ಕೆಳಗೆ ಮಲಗಿರಬೇಕಾ? ಗ್ಯಾರೇಜ್ ಹೋದ್ರೆ ನಾಳೆ ನನಗೆ ಕೆಲಸ ಎಲ್ಲಿದೆ, ಹೇಳು."

ಮಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಸೊಸೆ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಊಟದ ಹೊತ್ತಿನ ಜಗಳಕ್ಕೆ ಬಾಯಿ ಹಾಕಿದವಳಲ್ಲ. ಮನೆಯಲ್ಲೇ ಕರ್ಟನ್ ಹೊಲಿದು ಅಂಗಡಿಗೆ ಕೊಡುತ್ತಿದ್ದಳು, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಅರ್ಧ ದಿನ ಕಳೆಯುತ್ತಿದ್ದಳು, ಮಾತಾಡದೆ ಇರುವುದು ಅವಳಿಗೆ ಸಲೀಸಾಗಿತ್ತು.

ಅದೇ ವಾರ ಅಮ್ಮ ಕಂದಾಯ ಕಟ್ಟಲು ಹೋದಾಗ ಗುಮಾಸ್ತ ಹೊಸ ಯೋಜನೆಯ ಸುದ್ದಿ ಹೇಳಿದ. ಐದೆಕರೆಯೊಳಗೆ ಸ್ವಂತ ಕಾಡಿರುವವರು ಹದಿನೈದು ವರ್ಷ ಮರ ಕಡಿಯುವುದಿಲ್ಲ ಎಂದು ಒಪ್ಪಿಕೊಂಡರೆ, ಸರ್ಕಾರ ಎಕರೆಗೆ ಇಷ್ಟು ಎಂದು ಪ್ರತಿವರ್ಷ ಪ್ರೋತ್ಸಾಹಧನ ಕೊಡುತ್ತದೆ, ಕಂದಾಯವೂ ಮಾಫಿ. ಅಧಿಕಾರಿಗಳು ಬಂದು ನೋಡಿ ಒಪ್ಪಬೇಕು, ಅಷ್ಟೇ. ಅಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮನೆಗೆ ಬಂದಳು.

"ಕಾಡನ್ನ ಕಾಡಾಗೇ ಇಟ್ಟಿದ್ದಕ್ಕೆ ದುಡ್ಡು ಕೊಡ್ತಾರಂತೆ ಕಣೋ."

"ಎಷ್ಟು?" ಎಂದ ಮಗ. ಎಷ್ಟು ಎಂದು ಹೇಳಿದಾಗ ನಕ್ಕುಬಿಟ್ಟ. "ಇದರಲ್ಲಿ ಗ್ಯಾರೇಜ್ ಬರಲ್ಲಮ್ಮ, ಗ್ಯಾರೇಜಿನ ಬೀಗ ಬರುತ್ತೆ."

"ವರ್ಷವರ್ಷ ಬರುತ್ತಲ್ಲೋ. ಅದನ್ನ ತೋರಿಸಿ ಬ್ಯಾಂಕಲ್ಲಿ ಸಾಲ ತಗೋ. ಬಂದಿದ್ದೆಲ್ಲ ನಿನಗೇ, ನನಗೊಂದು ಪೈಸೆ ಬೇಡ."

"ಅವರು ಒಪ್ಪಲಿಲ್ಲ ಅಂದ್ರೆ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಒಪ್ಪಲಿಲ್ಲ ಅಂದ್ರೆ ಕಡಿಸು. ನಾನು ತುಟಿ ಪಿಟಕ್ ಅನ್ನಲ್ಲ. ಮಾತು ಕೊಟ್ಟಿದೀನಿ, ಸರೀನಾ?"

"ಅಪ್ಪ, ಕೇಳಿಸ್ಕೊಂಡ್ಯಲ್ಲ?" ಎಂದ ಮಗ.

"ನಿಮ್ಮಮ್ಮ ಮಾತು ಕೊಟ್ಟು ತಪ್ಪಿದ್ದನ್ನ ನಾನಂತೂ ನೋಡಿಲ್ಲ," ಎಂದರು ಯಜಮಾನರು. "ತಪ್ಪಲಿ ಅಂತ ನಾನು ಬೇಡಿಕೊಂಡಾಗ್ಲೂ ತಪ್ಪಲಿಲ್ಲ."

ಅರ್ಜಿ ಕೊಟ್ಟು ಕೆಲವು ದಿನಕ್ಕೆ ಆಫೀಸಿನಿಂದ ಫೋನು ಬಂತು. ಫೋನು ತೆಗೆದದ್ದು ಸೊಸೆ. ಅಮ್ಮ ಹಿತ್ತಲಲ್ಲಿ ಬಕೆಟ್ಟು ಉಜ್ಜುತ್ತಿದ್ದಳು.

"ಅತ್ತೆ, ಆಫೀಸಿನವರು ಮುಂದಿನ ತಿಂಗಳು ನೋಡೋಕೆ ಬರ್ತಾರಂತೆ. ಆಮೇಲೆ, ಕಾಡನ್ನ..."

"ಚೊಕ್ಕ ಮಾಡಿಡಬೇಕು. ಗೊತ್ತು."

"ಅದಲ್ಲ ಅತ್ತೆ, ಅವರು ಏನಂದ್ರು ಅಂದ್ರೆ..."

"ಅವರು ಏನಂತಾರೆ ಅಂತ ನಾನು ಒಂದು ಸಲ ಕೇಳಿಸಿಕೊಂಡು ಬಂದೋಳು. ಇನ್ನೊಂದು ಸಲ ಅನ್ನಿಸಿಕೊಳ್ಳಲ್ಲ. ಮೊದಲು ಹೋಗಿ ಬೆಳಗಿನ ಬಾಣಲೆ ನೋಡು, ತಳದಲ್ಲಿ ಜಿಡ್ಡು ಹಾಗೇ ಕೂತಿದೆ. ಶುಚಿ ಮಾಡೋದು ಹೇಗೆ ಅಂತ ನನಗೆ ಹೇಳಿಕೊಡೋಕೆ ಬರ್ತಾಳೆ."

ಸೊಸೆ ಬಾಣಲೆ ತೊಳೆಯಲು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆಯೇ ಅಮ್ಮ ಕುಡುಗೋಲು, ಗೋಣಿಚೀಲ, ಬುತ್ತಿ ಎಲ್ಲ ಹೊಂದಿಸಿಕೊಂಡು ಸೊಸೆಯನ್ನು ಎಬ್ಬಿಸಿದಳು. ಇಬ್ಬರೂ ಇಳಿಜಾರಿನ ಕೆಳಗಿನಿಂದ ಶುರುವಿಟ್ಟುಕೊಂಡರು. ಮುಳ್ಳುಕಂಟಿ ಸವರಿದರು, ಮರಕ್ಕೆ ಹಬ್ಬಿದ ಬಳ್ಳಿ ಎಳೆದು ಹಾಕಿದರು, ತರಗೆಲೆ ಬಳಿದು ರಾಶಿ ಮಾಡಿದರು. ಸೊಸೆಯ ಕೈ ಓಡುತ್ತಿರಲಿಲ್ಲ. "ಅದೇನು ಮಗುವಿಗೆ ತಲೆ ಬಾಚೋ ಹಾಗೆ ಬಾಚ್ತೀಯಾ? ಬುಡಕ್ಕೆ ಹಾಕು," ಎಂದು ಅಮ್ಮ ಗದರಿದಳು. ಆಳೆತ್ತರ ಬೆಳೆದ ಎಳೆಯ ಸಸಿಗಳ ಮುಂದೆ ಸೊಸೆ ನಿಂತುಬಿಟ್ಟಾಗ, "ಅವೂ ಬೇಡ, ದೊಡ್ಡ ಮರ ಕಣ್ಣಿಗೆ ಕಾಣಬೇಕು" ಎಂದಳು. ಸೊಸೆಯ ಅಂಗೈಯಲ್ಲಿ ಬೊಬ್ಬೆ ಎದ್ದು ಎರಡು ದಿನ ಹೊಲಿಗೆ ನಿಂತಿತು. ಮನೆಗೆ ಬಂದರೆ ಅಡುಗೆ ತಡ, ಅಡುಗೆ ತಡವಾಯಿತೆಂದು ಮಗ ಸಿಡುಕುವುದು, ಯಜಮಾನರು ಬೆಳಗಿನ ತಂಗಳನ್ನೇ ಹಾಕಿಸಿಕೊಂಡು ತಿನ್ನುವುದು, ಹೀಗೆ ಒಂದು ವಾರ ಕಳೆಯಿತು.

ಆಮೇಲೊಂದು ದಿನ, ಯಾರೂ ಕೇಳದೆ, ಮಗ ಸ್ಕೂಟರಿನ ಹಿಂದೆ ಪೊದೆ ಕತ್ತರಿಸುವ ಮಷಿನ್ ಕಟ್ಟಿಕೊಂಡು ಕಾಡಿಗೇ ಬಂದ. ರಿಪೇರಿಗೆ ಬಂದು ಯಾರೂ ತೆಗೆದುಕೊಂಡು ಹೋಗದೆ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಮಷಿನ್ನು.

"ನೀವಿಬ್ಬರೂ ಕುಡುಗೋಲು ಹಿಡ್ಕೊಂಡು ಕೂತರೆ ಮುಂದಿನ ವರ್ಷಕ್ಕೂ ಮುಗಿಯಲ್ಲ. ಬಿಡಿ ಇಲ್ಲಿ," ಎಂದ.

ಅಮ್ಮನ ಹೊಟ್ಟೆ ತಣ್ಣಗಾಯಿತು. ಎಷ್ಟೇ ಆಗಲಿ ಹೆತ್ತ ಮಗ, ಹಟ ಬಿಟ್ಟು ತನ್ನ ಕಡೆಗೆ ಬಂದ, ಎಂದು ಅವಳ ಕಣ್ಣು ತುಂಬಿಬಂತು. ಮಗ ರಜೆ ಹಾಕಿ ಮೂರು ದಿನ ದುಡಿದ. ಮಷಿನ್ನು ಗುರ್ರೆನ್ನುತ್ತ ಹೋದ ಕಡೆ ನೆಲ ಬೋಳಾಯಿತು. ನಡುವೆ ಎಂದೋ ಒಣಗಿ ನಿಂತಿದ್ದ ಒಂದು ದೊಡ್ಡ ಮರ, ಮೈತುಂಬ ಮರಕುಟಿಗ ಕೊರೆದ ತೂತು. ಅದನ್ನೂ ಉರುಳಿಸಿದ. ಹಕ್ಕಿ ಎರಡು ದಿನ ಅಲ್ಲೇ ಸುತ್ತಿ ಕೂಗಿ ಹೋಯಿತು. ಅಮ್ಮ ಮನೆಯಲ್ಲಿ ಮಗನಿಗೆಂದು ಎರಡು ಮೊಟ್ಟೆ ಹೆಚ್ಚಿಗೆ ಬೇಯಿಸಿದಳು.

"ಇದೇನೋ ಅಮ್ಮ ಮಗ ಒಂದಾಗಿಬಿಟ್ರಿ," ಎಂದರು ಯಜಮಾನರು, "ನನಗೆ ಭಯ ಆಗ್ತಿದೆ."

ಕೊನೆಯ ದಿನ ಅವರನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದರು. ಮರದಿಂದ ಮರಕ್ಕೆ ಕಣ್ಣು ಹಾಯಿಸಿದರೆ ಗುಡ್ಡದ ಆಚೆ ತುದಿಯ ಬೇಲಿ ಕಾಣುತ್ತಿತ್ತು. ನೆಲದ ಮೇಲೆ ಒಂದು ಕಡ್ಡಿ ಇರಲಿಲ್ಲ. ಯಜಮಾನರು ಸುತ್ತ ನೋಡಿ, "ಚಪ್ಪಲಿ ಎಲ್ಲಿ ಬಿಡಬೇಕು?" ಎಂದು ಕೇಳಿದರು. ಅಮ್ಮ ನಕ್ಕಳು. ಆ ವರ್ಷ ಅವಳು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ನೋಡಲು ಬಂದ ಅಧಿಕಾರಿ ಸೊಸೆಗಿಂತಲೂ ಚಿಕ್ಕ ವಯಸ್ಸಿನ ಹುಡುಗಿ, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಅಮ್ಮ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಅಧಿಕಾರಿ ಬೇಲಿ ದಾಟಿದವಳು ಅಲ್ಲೇ ನಿಂತಳು. ಚಹಾ ಕೈಗೆ ತೆಗೆದುಕೊಂಡಳು, ಕುಡಿಯಲಿಲ್ಲ.

"ಇಲ್ಲಿ ಏನಾಯ್ತಮ್ಮ?"

"ಮನೆಮಂದಿ ಎಲ್ಲ ಹತ್ತು ಹನ್ನೆರಡು ದಿನ ದುಡಿದಿದೀವಿ ಮೇಡಂ. ಹುಡುಕಿದ್ರೂ ಕಸ ಸಿಗಲ್ಲ, ನೋಡಿ."

ಅಧಿಕಾರಿ ಮೇಲಿನವರೆಗೂ ನಡೆದು ಹೋಗಿ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಮ್ಮ ಎದುರು ಮಾತಾಡುತ್ತಿದ್ದಳು.

"ನಾವು ದುಡ್ಡು ಕೊಡೋದು ಕಾಡಿಗೆ ಅಮ್ಮ. ಕಾಡು ಅಂದ್ರೆ ಬರೀ ದೊಡ್ಡ ಮರ ಅಲ್ಲ. ಪೊದೆ, ಸಸಿ, ಬಳ್ಳಿ, ಬಿದ್ದ ಮರ, ಒಣಗಿ ನಿಂತ ಮರ, ಅದೆಲ್ಲ ಇರಬೇಕು. ಈಗ ಇದು ಕಾಡಲ್ಲ, ತೋಪು. ನಾನು ಹಾಗೇ ಬರೀಬೇಕಾಗುತ್ತೆ."

"ತೋಪಾ? ಪೊದೆ ತೆಗೆಸಲಿಲ್ಲ ಅಂತ ನಿಮ್ಮ ಆಫೀಸಿನವರೇ ನನಗೆ ದಂಡ ಹಾಕಿದ್ರಲ್ಲ."

"ಅದು ಹಳೇ ನಿಯಮ. ಬೆಂಕಿಗೆ ಹೆದರಿ ಮಾಡಿದ್ದು. ಅದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು."

"ದಂಡದ ಚೀಟಿ ಮನೆ ಬಾಗಿಲಿಗೆ ಬಂತು. ನಿಯಮ ಬಿಟ್ಟಿದ್ದು ಮನೆ ಬಾಗಿಲಿಗೆ ಬರಲಿಲ್ಲವಲ್ಲ ತಾಯಿ."

ಅಧಿಕಾರಿ ಕಪ್ಪಿನಲ್ಲಿದ್ದ ಚಹಾ ನೋಡಿದಳು. "ಫೋನಲ್ಲಿ ಹೇಳಿದ್ದೆವಲ್ಲ. ನಾವು ಬರೋವರೆಗೂ ಏನನ್ನೂ ಮುಟ್ಟಬೇಡಿ, ಇದ್ದ ಹಾಗೇ ಇರಲಿ ಅಂತ. ನಾನೇ ಮಾತಾಡಿದ್ದು."

ಅಮ್ಮ ಸೊಸೆಯ ಕಡೆ ತಿರುಗಿದಳು. ಸೊಸೆ ಬೊಬ್ಬೆ ಒಣಗಿದ ಅಂಗೈ ನೋಡಿಕೊಂಡಳು. "ಹೇಳಿದ್ರು, ಅತ್ತೆ," ಎಂದಳು.

"ಐದು ವರ್ಷ ಹೀಗೇ ಬಿಟ್ಟುಬಿಡಿ, ಎಲ್ಲ ವಾಪಸ್ ಬರುತ್ತೆ. ಆಮೇಲೆ ಮತ್ತೆ ಅರ್ಜಿ ಹಾಕಿ," ಎಂದು ಹೇಳಿ, ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಕಪ್ಪು ಕೈಗೆ ಕೊಟ್ಟು ಆ ಹುಡುಗಿ ಹೋದಳು.

ಆ ಸಂಜೆ ಮನೆಯಲ್ಲಿ ಮಗ ಹಾರಾಡಿಬಿಟ್ಟ. ಹಾರಾಡಿದ್ದು ಹೆಂಡತಿಯ ಮೇಲೆ.

"ಬಾಯಲ್ಲಿ ಏನಿಟ್ಕೊಂಡಿದ್ದೆ? ಒಂದು ಮಾತು ಸರಿಯಾಗಿ ಹೇಳೋಕೆ ನಿನಗೇನಾಗಿತ್ತು? ಅಮ್ಮ ಬೆನ್ನು ಬಗ್ಗಿಸಿ ದುಡಿದಿದ್ದೆಲ್ಲ ನಿನ್ನಿಂದ ಹಾಳಾಯ್ತು."

ಸೊಸೆ ಗಂಡನ ಮುಖವನ್ನೇ ನೋಡುತ್ತ ನಿಂತಳು. ರೆಪ್ಪೆ ಬಡಿಯಲಿಲ್ಲ. ಏನೋ ಹೇಳಲು ಹೋದಂತೆ ಕಂಡಿತು. ಹೇಳದೆ ಒಲೆಯ ಕಡೆ ತಿರುಗಿದಳು.

"ಅವಳನ್ನ ಅನ್ನಬೇಡ," ಎಂದಳು ಅಮ್ಮ. ಕೂತಲ್ಲಿಂದ ಏಳಲಿಲ್ಲ. "ಹೇಳೋಕೇ ಬಂದಳು. ಎರಡು ಸಲ ಬಾಯಿ ತೆಗೆದಳು. ನಾನೇ ಬಾಣಲೆ ತೋರಿಸಿ ಓಡಿಸಿದೆ."

"ಆದ್ರೂ ಅಮ್ಮ..."

"ಆದ್ರೂ ಇಲ್ಲ ಗೀದ್ರೂ ಇಲ್ಲ. ತಪ್ಪು ನಂದು."

ಯಜಮಾನರಿಗೆ ತಮಾಷೆ ಮಾಡಲು ಏನೂ ಸಿಗಲಿಲ್ಲ. "ಐದು ವರ್ಷ ಅಂದ್ಲಂತಲ್ಲ ಆ ಹುಡುಗಿ. ಕಾಯಬಹುದಿತ್ತು," ಎಂದು ಯಾರಿಗೂ ಹೇಳದವರಂತೆ ಹೇಳಿದರು.

"ಟೈಲ್ಸ್ ಅಂಗಡಿಯವನು ಕಾಯ್ತಾನಾ ಅಪ್ಪ?"

"ಮಾತು ಕೊಟ್ಟಿದೀನಿ," ಎಂದಳು ಅಮ್ಮ. "ಆ ವ್ಯಾಪಾರಿಗೆ ಬರೋಕೆ ಹೇಳು."

ಅಷ್ಟು ಹೇಳಿ ಎದ್ದು ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿಗೆ ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದಳು, ಎಲ್ಲರಿಗೂ ಕೇಳುತ್ತಿತ್ತು.

ಕಾಡಾಗಿದ್ದರೆ ಮರ ಕಡಿಯಲು ಅನುಮತಿಗೆಂದು ಆಫೀಸಿನ ಮೆಟ್ಟಿಲು ಹತ್ತಿಹತ್ತಿ ಚಪ್ಪಲಿ ಸವೆಯಬೇಕಿತ್ತು. ತೋಪಿಗೆ ಅದೇನೂ ಬೇಡ. ತೋಪು ಎಂದು ಸರ್ಕಾರವೇ ಬರೆದುಕೊಟ್ಟಿತ್ತು. ವ್ಯಾಪಾರಿ ಎರಡು ವಾರದೊಳಗೆ ಲಾರಿ, ಆಳು, ಗರಗಸ ಸಮೇತ ಬಂದಿಳಿದ.

ಅಮ್ಮ ಹೋಗುವುದಿಲ್ಲ ಎಂದುಕೊಂಡಿದ್ದಳು. ಮೂರನೆಯ ದಿನ ತಡೆಯಲಾಗಲಿಲ್ಲ. ಸೊಸೆ ಹೊಲಿಗೆ ಮಷಿನ್ನಿಗೆ ಬಟ್ಟೆ ಮುಚ್ಚಿ, "ನಾನೂ ಬರ್ತೀನಿ ಅತ್ತೆ" ಎಂದು ಜೊತೆಗೆ ಹೊರಟಳು. ಹೋಗುವಷ್ಟರಲ್ಲಿ ಅರ್ಧ ಇಳಿಜಾರು ಖಾಲಿಯಾಗಿತ್ತು. ಇಷ್ಟು ದಿನ ನೆರಳಿದ್ದ ಕಡೆ ಬಿಸಿಲು ಸುರಿಯುತ್ತಿತ್ತು. ಒಂದು ಮರ ಬಿದ್ದಾಗ ನೆಲ ಅದುರಿದ್ದು ಅಮ್ಮನ ಅಂಗಾಲಿಗೆ ತಟ್ಟಿತು, ಅವಳು ಸೊಸೆಯ ತೋಳು ಹಿಡಿದುಕೊಂಡಳು.

ವ್ಯಾಪಾರಿ ಒಳ್ಳೆಯ ಮನುಷ್ಯ. ಕಂಡ ಕೂಡಲೇ ಬಂದು ಮಾತಾಡಿಸಿದ.

"ಬನ್ನಿ ಅಮ್ಮ. ನಿಮಗೊಂದು ದೊಡ್ಡ ನಮಸ್ಕಾರ ಹೇಳಬೇಕು. ಬೇರೆ ಕಡೆ ಆಗಿದ್ರೆ ಪೊದೆ ಸವರಿ ದಾರಿ ಮಾಡೋದಕ್ಕೇ ಒಂದು ವಾರ ಹೋಗ್ತಿತ್ತು. ನೀವು ಅಂಗಳದ ಹಾಗೆ ಮಾಡಿಟ್ಟಿದೀರಿ, ಲಾರಿ ಬುಡಕ್ಕೇ ಹೋಗುತ್ತೆ."

ಅಮ್ಮ ಸೊಸೆಯನ್ನು ಎಳೆದುಕೊಂಡು ಬಂದ ದಾರಿಯಲ್ಲೇ ತಿರುಗಿದಳು. ಇಟ್ಟಿಗೆ ಭಟ್ಟಿಯ ಹತ್ತಿರ ಬಂದರು. ಅಲ್ಲಿ ಅಮ್ಮ ಏದುಸಿರು ಬಿಡುತ್ತ ನಿಂತಳು.

"ನೀನು ಮನಸ್ಸಿಗೆ ಹಚ್ಚಿಕೋಬೇಡ ಕಣೇ. ಇಷ್ಟು ವರ್ಷ ನಿನ್ನ ಬಾಯಿ ಮುಚ್ಚಿಸಿದೋಳು ನಾನು. ಒಂದು ದಿನ ಅದರ ಫಲ ಸಿಗಲೇಬೇಕಿತ್ತು. ಅವನು ಅವತ್ತು ನಿನ್ನ ಮೇಲೆ ಕೂಗಾಡಿದ್ದು ತಪ್ಪು. ನಿನ್ನ ಪರವಾಗಿ ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು."

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆಯ ಬೈಗುಳ ಇಷ್ಟು ವರ್ಷ ತಿಂದು ಜೀರ್ಣಿಸಿಕೊಂಡವಳಿಗೆ ಈ ಒಳ್ಳೆಯ ಮಾತು ತಡೆದುಕೊಳ್ಳಲಾಗಲಿಲ್ಲ.

"ಅವರಿಗೂ ಗೊತ್ತಿತ್ತು, ಅತ್ತೆ."

"ಯಾರಿಗೆ?"

"ನಾವು ಸವರೋಕೆ ಶುರು ಮಾಡಿ ಒಂದು ವಾರ ಆಗಿತ್ತು. ನಿಮಗೆ ಹೇಳೋಕೆ ಧೈರ್ಯ ಸಾಲಲಿಲ್ಲ, ಅವರಿಗೆ ಹೇಳಿದೆ. ಮುಟ್ಟಬಾರದಂತೆ, ಅತ್ತೆಗೆ ನೀವೇ ಹೇಳಿ ಅಂದೆ. ಆಯ್ತು, ಅಮ್ಮನಿಗೆ ನಾನು ಹೇಳ್ತೀನಿ, ನೀನು ಸುಮ್ಮನಿರು ಅಂದ್ರು." ಸೊಸೆ ಮೂಗು ಒರೆಸಿಕೊಂಡಳು. "ಮಾರನೇ ದಿನ ಮಷಿನ್ ತಗೊಂಡು ಬಂದ್ರು."

ಅಮ್ಮ ಭಟ್ಟಿಯ ಗೋಡೆಗೆ ಕೈ ಕೊಟ್ಟಳು. ರಜೆ ಹಾಕಿ ದುಡಿದನಲ್ಲ ಎಂದು ತಾನು ಹಿಗ್ಗಿದ್ದು, ಮೊಟ್ಟೆ ಬೇಯಿಸಿ ಹಾಕಿದ್ದು, ಅವನು ಅದನ್ನು ತಲೆ ಎತ್ತದೆ ತಿಂದದ್ದು, ಎಲ್ಲ ನೆನಪಾಯಿತು. ಆಮೇಲೆ, "ನಡಿ, ಅಡುಗೆಗೆ ತಡ ಆಗುತ್ತೆ" ಎಂದಳು.

ರಾತ್ರಿ ಊಟಕ್ಕೆ ಮಗ ಬೇಗ ಬಂದ. ಕೈ ಉಜ್ಜಿ ತೊಳೆದು ಬಂದಿದ್ದ, ಮುಖ ಅರಳಿತ್ತು. ಗ್ಯಾರೇಜಿನ ಬೀಗದ ಕೈ ಸಿಕ್ಕಿತ್ತು. ಅಪ್ಪನಿಗೆ ತೋರಿಸಿದ, ಹೆಂಡತಿಗೆ ತೋರಿಸಿದ. ಹೆಂಡತಿ ನೋಡದೆ ನೀರು ತರಲು ಹೋದಳು. ಅಮ್ಮ ಅನ್ನ ಬಡಿಸಿದಳು.

"ಅಮ್ಮ, ಪೇಂಟರ್‌ಗೆ ಬೋರ್ಡು ಬರೆಯೋಕೆ ಹೇಳಿದೀನಿ," ಎಂದ. ಸ್ವಲ್ಪ ತಡೆದು, ತಟ್ಟೆ ನೋಡುತ್ತಲೇ ಹೇಳಿದ. "ನಿನ್ನ ಹೆಸರು ಇಡಿಸ್ತೀನಿ."

"ಬೇಡಪ್ಪ."

"ಯಾಕಮ್ಮ? ನಿನ್ನಿಂದಲೇ ಬಂದಿದ್ದಲ್ವಾ ಅದು?"

"ದಿನಾ ಅದರ ಕೆಳಗೇ ಓಡಾಡಬೇಕಾಗುತ್ತೆ ನೀನು," ಎಂದಳು ಅಮ್ಮ. "ನಿನ್ನ ಕೈಲಿ ಆಗಲ್ಲ."

ಮಗ ತಲೆ ಎತ್ತಿದ. ಮೊದಲು ಅಮ್ಮನನ್ನು ನೋಡಿದ, ಆಮೇಲೆ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ. ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ಯಜಮಾನರು ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಪಲ್ಯ ಹಾಕಲಾ?" ಎಂದು ಅಮ್ಮ ಕೇಳಿದಳು. ಉತ್ತರಕ್ಕೆ ಕಾಯದೆ ಹಾಕಿದಳು.